ಡೊಂಬಿವಲಿಯಿಂದ ನೆರೂಳಿಗೆ ಹಾಲು

ಡೊಂಬಿವಲಿ ಪೂರ್ವ
೧೪ ಜುಲೈ ೨೦೨೪

ಪ್ರೀತಿಯ ಜಯಶೀಲನಿಗೆ ಲೀಲಾಧರನ ನಮಸ್ಕಾರ.

ನೀನು ಫೋನ್ ಮಾಡಿದಾಗಲೆಲ್ಲ "ಮತ್ತೆ ಮಾತಾಡ್ತೇನೆ" ಎಂದು ಇಟ್ಟುಬಿಟ್ಟೆ, ಬೇಸರಿಸಬೇಡ. ಈ ಪುಟ್ಟ ಮನೆಯಲ್ಲಿ ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ನಳಿನಾಕ್ಷಿಯ ಮಂಡಿನೋವು ಹೇಗಿದೆ?

ನಮ್ಮ ಯತಿನ್‌ಗೆ ಗಂಡುಮಗು ಆದದ್ದು ನಿನಗೆ ಗೊತ್ತು. ಹುಟ್ಟಿದ ಮರುದಿನವೇ ಮಗುವಿನ ಮೈ ನೀಲಿಗಟ್ಟಿತು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿವೆಯಂತೆ. ನೆರೂಳಿನ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ಮೈಗೆ ಸೋಂಕೂ ತಗಲಿದೆ, ಅದು ಇಳಿದರೆ ಆಪರೇಷನ್. ಇಳಿಯದಿದ್ದರೆ ಏನೆಂದು ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಖರ್ಚಿಗೆ ಶಹಾಡಿನ ಒಂದೇ ಕೋಣೆಯ ಆ ಖೋಲಿ ಮಾರಿದೆವು. ನೌಪಾಡಾದ ಹೋಟೆಲಿಗೆ ಸೇರಿದ ಹೊಸತರಲ್ಲಿ ನಾವಿಬ್ಬರೂ ಚಾಪೆ ಹಾಸುತ್ತಿದ್ದ ಅದೇ ಖೋಲಿ. "ಪಪ್ಪಾ, ಖೋಲಿ ವಿಕೂಯಾ" ಎಂದ ಯತಿನ್. ಮಾರೋಣ ಎಂದು ಕನ್ನಡದಲ್ಲಿ ಹೇಳಲು ಅವನಿಗೆ ಬಾಯಿ ಬರಲಿಲ್ಲವೇನೋ. ಸಹಿ ಹಾಕುವಾಗ ನನಗೆ ಏನೂ ಅನಿಸಲಿಲ್ಲ. ಈಗ ಯಾವುದಕ್ಕೂ ಏನೂ ಅನಿಸುವುದಿಲ್ಲ ಮಾರಾಯ. ಎದುರಿಗೆ ಬಡಿಸಿದರೆ ಉಣ್ಣುತ್ತೇನೆ, ಗಾಡಿ ಬಂದರೆ ಹತ್ತುತ್ತೇನೆ.

ಸೊಸೆ ಅಮಿತಾಳ ಹೆರಿಗೆಯ ಹೊಲಿಗೆ ಕೀವಾಗಿ ಜ್ವರ ಬಂದಿದೆ. ಅವಳು ಮಗುವಿನ ಹತ್ತಿರ ಹೋಗುವಂತಿಲ್ಲ. ಯತಿನ್ ಆಸ್ಪತ್ರೆಯಲ್ಲೇ ಇರುತ್ತಾನೆ. ಅವಳು ಎದೆಹಾಲು ಹಿಂಡಿ ಬಾಟಲಿಗೆ ತುಂಬಿ ಕೊಡುತ್ತಾಳೆ. ನಾನು ಐಸಿನ ಡಬ್ಬಿಯಲ್ಲಿಟ್ಟು, ಥಾಣೆಯಲ್ಲಿ ಗಾಡಿ ಬದಲಿಸಿ, ನೆರೂಳಿಗೆ ಮುಟ್ಟಿಸುತ್ತೇನೆ.

ಮೊದಲ ದಿನ ಏನು ಮಾಡಿದೆ ಗೊತ್ತೇ? ಬಾಟಲಿ ಕೈಗೆ ಬಂದದ್ದೇ ತಡ, ಪಾತ್ರೆಗೆ ಸುರಿದು ಗ್ಯಾಸಿನ ಮೇಲಿಟ್ಟೆ. ಜೀವಮಾನವಿಡೀ ಚಾದ ಕೌಂಟರಿನಲ್ಲಿ ಹಾಲು ಕಾಯಿಸಿದ ಕೈ, ಹಸಿ ಹಾಲನ್ನು ಹಾಗೇ ಹೊರಗೆ ಬಿಡಲು ಒಪ್ಪಲಿಲ್ಲ. ನನ್ನ ವಿಮಲಾ ಓಡಿಬಂದು ಗ್ಯಾಸ್ ಆರಿಸಿ, "ಇದು ನಿಮ್ಮ ಹೋಟೆಲಿನ ಎಮ್ಮೆ ಹಾಲಲ್ಲ ಮಾರಾಯ್ರೆ" ಎಂದಳು. ಅಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ನಾನು ಮನೆಗೆ ಬಂದೊಡನೆ ಅವಳದು ಒಂದೇ ಪ್ರಶ್ನೆ. "ಮಾವ, ಬಾಬು ಹಾಲು ಕುಡಿದನಾ?" ಕುಡಿದ ಎನ್ನುತ್ತೇನೆ. ಆಮೇಲೆ ಅವಳು ಎರಡು ತುತ್ತು ಉಣ್ಣುತ್ತಾಳೆ.

ನಿನ್ನ ಮನೆದೇವರಿಗೆ ನಮ್ಮ ಮಗುವಿನ ಲೆಕ್ಕದಲ್ಲಿ ಒಂದು ದೀಪ ಹಚ್ಚು. ಹೆಸರು ಇನ್ನೂ ಇಟ್ಟಿಲ್ಲ, ಲೀಲಾಧರನ ಮೊಮ್ಮಗ ಎಂದರೆ ಸಾಕು. ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ
ಲೀಲಾಧರ

ತಾ.ಕ.: ಮಗು ಇದುವರೆಗೆ ಒಂದು ಹನಿ ಹಾಲೂ ಕುಡಿದಿಲ್ಲ, ಜಯಶೀಲ. ನಿನ್ನೆ ಶರಣಬಸಮ್ಮ ಎಂಬ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ಇನ್ನ ತರಬ್ಯಾಡ್ರಿ. ಕೂಸಿಗೆ ಬಾಯಿಲೆ ಏನೂ ಕೊಡಂಗಿಲ್ಲ. ತಂದಿದ್ದೆಲ್ಲಾ ಫ್ರಿಜ್‌ನ್ಯಾಗ ಹಂಗೇ ಐತಿ, ಜಾಗ ಇಲ್ಲ" ಎಂದಳು. ಒಡೆದ ಹಾಲನ್ನೂ ಮೋರಿಗೆ ಚೆಲ್ಲಿದವನಲ್ಲ ನಾನು. ನಿನ್ನೆ ನೆರೂಳ ಸ್ಟೇಷನ್ನಿನ ನಲ್ಲಿಯ ಕೆಳಗೆ ಸುರಿದು, ಬಾಟಲಿ ತೊಳೆದುಕೊಂಡು ಬಂದೆ. ಖಾಲಿ ಬಾಟಲಿ ನೋಡಿ ಅಮಿತಾ, "ಪೂರಾ ಕುಡಿದನಾ?" ಎಂದಳು. ಹೌದು ಎಂದೆ. ಅವನಿಗೆ ಸಾಲದೇ ಹೋದೀತೆಂದು ಇವತ್ತು ಎರಡು ಬಾಟಲಿ ತುಂಬಿಸಿಟ್ಟಿದ್ದಾಳೆ.