ಕಂಚಿನ ಬಣ್ಣ

ಫೆಬ್ರವರಿ 2

ಬೆಳಿಗ್ಗೆಯೇ ಶೆಡ್ಡಿನಲ್ಲಿ ಕಿಲ್ನ್, ಆ ಮಡಕೆ ಸುಡುವ ಗೂಡು, ಹೊತ್ತಿಸಿದರು ಇವರು. ಒಳಗೆ ಬರೀ ಹೂದಾನಿ. ಎಲ್ಲಕ್ಕೂ ಅದೇ ಕಂಚಿನ ಬಣ್ಣದ ಗ್ಲೇಜ್, ಹೊಳಪಿನ ಲೇಪ. ಈಗ ಬೇರೆ ಯಾವುದನ್ನೂ ಯಾರೂ ಕೇಳುವುದಿಲ್ಲ. ಮಣ್ಣು ಎಂದರೆ ನಂಬದೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಇಷ್ಟು ವರ್ಷ ಮಣ್ಣು ಮೆತ್ತಿಕೊಂಡೇ ಇದ್ದ ಮನುಷ್ಯನಿಗೆ ಕೊನೆಗೂ ಒಂದು ಹೆಸರು ಬಂತು.

ಆದರೆ ಮಧ್ಯಾಹ್ನ ಊಟದ ತಟ್ಟೆ ತಳ್ಳಿಬಿಟ್ಟರು. ಉಪ್ಪು ಕಡಿಮೆಯಂತೆ. ಇಂಥವರಲ್ಲ ಇವರು...

ಫೆಬ್ರವರಿ 11

ಭಾವನ ಮಾವ ತೀರಿಕೊಂಡರು. ಸಾವಿನ ಮನೆ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ — ಇವರು ನಕ್ಕರು. ಜೋರಾಗಿ. ನಿಲ್ಲಿಸಲೇ ಇಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

“ಯಾಕ್ರೀ ಹೀಗ್ಮಾಡಿದ್ರಿ?”

“ಗೊತ್ತಿಲ್ಲ ಕಣೇ. ನಗು ಬಂದಿರ್ಲೇ ಇಲ್ಲ. ಆದ್ರೂ ನಕ್ಬಿಟ್ಟೆ.”

ಭಾವ — ಇವರ ಅಣ್ಣ — ನನ್ನನ್ನು ಪಕ್ಕಕ್ಕೆ ಕರೆದರು. “ಯಾವಾಗಿಂದಮ್ಮ ಕುಡೀತಿದಾನೆ?”

ಇವರನ್ನು ಆಟೋ ಹತ್ತಿಸಿ ಮನೆಗೆ ಕರೆದುಕೊಂಡು ಬಂದೆ.

ಫೆಬ್ರವರಿ 12

ಮಧ್ಯಾಹ್ನ ಮಲಗಿದ್ದಾಗ ಬಾಯಿ ಮೂಸಿ ನೋಡಿದೆ. ವಾಸನೆಯಿಲ್ಲ. ಶೆಡ್ಡಿನ ಮೂಲೆಮೂಲೆ ಹುಡುಕಿದೆ. ಬಾಟಲಿ ಇಲ್ಲ. ಬ್ರಷ್ಷು, ಡಬ್ಬ, ಎಲ್ಲದರ ಮೇಲೂ ಗ್ಲೇಜಿಗೆ ಹಾಕುವ ಆ ಕಪ್ಪು ಪುಡಿ. ಕಿಟಕಿಗೆ ಹಲಗೆ — ಗಾಳಿಗೆ ಉರಿ ಅಲ್ಲಾಡುತ್ತದೆ ಎಂದು ಇವರೇ ಮೊಳೆ ಹೊಡೆದದ್ದು. ಕೆಮ್ಮು ಬಂತು. ನಾಚಿಕೆಯೂ ಆಯಿತು, ಗಂಡನ ಬಾಯಿ ಮೂಸುವ ಹೆಂಗಸಾದೆನಲ್ಲ ಎಂದು.

ಮಾರ್ಚ್ 19

ಬರೆಯಲು ಮನಸ್ಸೇ ಬರಲಿಲ್ಲ ಇಷ್ಟು ದಿನ.

ಇವರ ನಡಿಗೆ ಕೆಟ್ಟಿದೆ. ಹಿಮ್ಮಡಿ ಊರುವುದಿಲ್ಲ. ಹುಂಜದ ಹಾಗೆ ತುದಿಗಾಲಲ್ಲಿ... ಅಂಗಡಿಯಾಕೆ “ಹಗಲಲ್ಲೇ ಶುರುನಾ?” ಅಂದಳು, ನನಗೆ ಕೇಳಲಿ ಅಂತಲೇ. ಮನೆಗೆ ಬಂದರೆ ಹೂದಾನಿಯೊಂದು ಇವರ ಕೈಜಾರಿ ಒಡೆದಿದೆ. ಚೂರು ಆರಿಸುತ್ತಾ ಅಳುತ್ತಿದ್ದರು.

“ನಾನು ಕುಡಿಯಲ್ಲ ಕಣೇ. ನೀನಾದ್ರೂ ನಂಬು.”

ನಂಬಿದೆ. ಪೂರ್ತಿ. ನಾಳೆ ಡಾಕ್ಟರ ಹತ್ತಿರ. ಭಾವನೂ ಬರುತ್ತಾರೆ.

ಮಾರ್ಚ್ 20, ಸಂಜೆ

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. “ಹಿಂದಕ್ಕೆ ಹೆಜ್ಜೆ ಇಡಿ ನೋಡೋಣ” ಅಂದರು. ಇಡಲು ಹೋಗಿ ಇವರು ಬೀಳುವುದರಲ್ಲಿದ್ದರು, ಭಾವ ಹಿಡಿದುಕೊಂಡರು.

“ಏನ್ ಕೆಲ್ಸ ಮಾಡ್ತೀರಿ?”

ಇವರಿಗೆ ಎಲ್ಲಿಲ್ಲದ ಉತ್ಸಾಹ. ಕಂಚಿನ ಬಣ್ಣ ಬರಬೇಕಾದರೆ ಮ್ಯಾಂಗನೀಸ್ ಪುಡಿ ಕೈತುಂಬ ಹಾಕಬೇಕು, ಜೊತೆಗೆ ತಾಮ್ರ, ಉರಿ ಏರಿದಾಗ ಶೆಡ್ಡಿನ ತುಂಬ ಹೇಗೆ ಹೊಗೆ ಕಟ್ಟುತ್ತದೆ... ಡಾಕ್ಟರ್ ಪೆನ್ನು ಕೆಳಗಿಟ್ಟರು.

“ಆ ಹೊಗೆ ಆಮೇಲೆ ಎಲ್ಲಿಗ್ ಹೋಗತ್ತೆ?”

ಕಿಟಕಿಗೆ ಹಲಗೆ ಹೊಡೆದದ್ದನ್ನು ಇವರು ಹೇಳಿದರು.

“ನಿಮ್ಮ ಒಳಗೇ ಹೋಗಿರ್ಬೇಕು. ಮ್ಯಾಂಗನೀಸು ಮಿದುಳಿಗೆ ಹೋಗಿ ಕೂರತ್ತೆ. ನಗೋದು, ಸಿಟ್ಟು, ಈ ನಡಿಗೆ... ಸ್ಕ್ಯಾನ್ ಮಾಡಿಸೋಣ.”

ಹೊರಗೆ ಬೆಂಚಿನ ಮೇಲೆ ಕೂತು ಭಾವ ತಮ್ಮನ ಕೈ ಬಿಡಲೇ ಇಲ್ಲ. “ಕುಡುಕ ಅಂದ್ಬಿಟ್ನಲ್ಲೋ ನಿನ್ನ.”

ಮಾರ್ಚ್ 31

ಸ್ಕ್ಯಾನ್‌ನಲ್ಲೂ ಅದೇ. “ಹೋಗಿರೋ ಶಕ್ತಿ ಪೂರ್ತಿ ವಾಪಸ್ ಬರೋದು ಕಷ್ಟ. ಇನ್ನಷ್ಟು ಹೋಗದ ಹಾಗೆ ನೋಡ್ಕೊಳ್ಳಿ” ಅಂದರು ಡಾಕ್ಟರ್.

ಮನೆಗೆ ಬಂದರೆ ಷೋರೂಮಿನವರು ಕಾದಿದ್ದಾರೆ. ಮತ್ತೆ ಕಂಚಿನ ಹೂದಾನಿಯೇ ಬೇಕು. ಇವರು ಹೂಂ ಅಂದೇಬಿಟ್ಟರು! ಅವರು ಹೋದ ಮೇಲೆ ಜಗಳ.

“ಇದೊಂದ್ಸಲ ಕಣೇ. ಜೀವಮಾನದಲ್ಲಿ ಒಂದ್ ಬಣ್ಣ ಸಿಕ್ತು ನಂಗೆ. ಅದನ್ನೂ ಕಿತ್ಕೋತೀಯಾ?”

“ಕಿತ್ಕೋತೀನಿ.”

ನನ್ನ ದನಿಗೆ ನಾನೇ ಬೆಚ್ಚಿದೆ. ಪುಡಿ ಡಬ್ಬಗಳನ್ನು ಬಿಗಿಯಾಗಿ ಮುಚ್ಚಿ ಭಾವನಿಗೆ ಕೊಟ್ಟೆ — ಚರಂಡಿಗೆ ಸುರಿಯಬೇಡಿ, ಮಾರಿದವರಿಗೇ ವಾಪಸ್ ಕೊಡಿ. ಇವರು ಗೋಡೆ ಕಡೆ ತಿರುಗಿ ಮಲಗಿದರು.

ಏಪ್ರಿಲ್ 24

ಇವತ್ತು ಮಾತಾಡಿದರು.

ಭಾವ ಶೆಡ್ಡಿನ ಹಲಗೆ ಕಿತ್ತು ಕಿಟಕಿ ದೊಡ್ಡದು ಮಾಡಿಸಿದ್ದಾರೆ. ಹೊಗೆ ಹೊರಗೆಳೆಯುವ ಫ್ಯಾನು. ನೆಲ, ಗೋಡೆ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಯಿತು. ಮಾಸ್ಕ್ ಕಟ್ಟಿಕೊಂಡು ನಾನೇ ಬಿಳಿ ಗ್ಲೇಜ್ ಕಲೆಸಿದೆ. ಮ್ಯಾಂಗನೀಸ್ ಇಲ್ಲದ್ದು. ಇವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬೇರೆ ಕಡೆ ನೋಡುತ್ತಿದ್ದರು. ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

“ನೀರಾಯ್ತು! ಹಾಲಿನ ಕೆನೆ ಹಾಗಿರ್ಬೇಕು. ಇಷ್ಟ್ ವರ್ಷ ಏನ್ ನೋಡ್ದೆ ನೀನು?”

ಮಾಸ್ಕಿನೊಳಗೇ ಅತ್ತೆ.

ಏಪ್ರಿಲ್ 26, ಬೆಳಿಗ್ಗೆ

ಕಿಲ್ನ್ ತೆರೆದೆ. ನಾನು ಬಿಳಿ ಗ್ಲೇಜ್ ಹಚ್ಚಿದ ಬಟ್ಟಲುಗಳು. ಹೆಚ್ಚಿನವಕ್ಕೆ ಗ್ಲೇಜ್ ಇಳಿದು ಅಂಟಿಕೊಂಡಿದೆ. ಒಂದನ್ನು ಇವರು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಅಲ್ಲಾಡಲಿಲ್ಲ.

“ಥೂ, ಮೂಗು ಸೋರೋ ಮಗು ಥರ ಇದೆಯಲ್ಲೇ!”

ಬಯ್ಯಲಿ. ದಿನವಿಡೀ ಬಯ್ಯಲಿ.

ಚಿಕ್ಕದೊಂದನ್ನು ಮಾತ್ರ ಕೆಳಗಿಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಾರೆ. ಈಗ ಕೂಗುತ್ತಿದ್ದಾರೆ — “ಬರೆದಿದ್ದು ಸಾಕು, ಬಾರೇ ಇಲ್ಲಿ! ಅಂಚಲ್ಲಿ ನೀಲಿ ಬಂದಿದೆ ಕಣೇ, ಏನ್ ಹಾಕ್ದೆ?”

ನೀಲಿಯಾ? ನಾನು ಏನೂ ಹಾಕಿಲ್ಲವಲ್ಲ... ಹಳೇ ಬ್ರಷ್ಷಿನಲ್ಲಿ ತಾಮ್ರ ಉಳಿದಿತ್ತೇ? ಹೋಗಿ ನೋ—