ತಿಳಿ ಮೈ, ಕಪ್ಪು ಚುಕ್ಕೆ

ಅಲ್ ಗುಬ್ರಾ, ಮಸ್ಕತ್
೧೨ ನವೆಂಬರ್ ೧೯೯೧

ಸಹೋದರಿ ಐಡಾ ಅವರಿಗೆ,

ಇಲ್ಲಿನ ಶಾಲೆಯಲ್ಲಿ ಉಪಾಧ್ಯಾಯನಾಗಿರುವ ಮೈಸೂರಿನ ದೊರೆಸ್ವಾಮಿಯ ನಮಸ್ಕಾರಗಳು. ನಾವು ಪರಸ್ಪರ ಕಂಡವರಲ್ಲ. ನಿಮ್ಮ ಪತಿ ಕ್ಯಾಸ್ಮಿರ್ ಅವರೊಡನೆ ಬಹುಕಾಲದಿಂದ ಒಂದೇ ಮನೆಯಲ್ಲಿ ವಾಸವಾಗಿದ್ದೇನೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಗುತ್ತಿಗೆಯ ಅವಧಿ ಮುಗಿದುದರಿಂದ ಊರಿಗೆ ಮರಳುತ್ತಿರುವುದಾಗಿ ಅವರು ನಿಮಗೆ ತಿಳಿಸಿದ್ದಾರೆ. ಅದು ನಿಜವಲ್ಲ.

ಶುಕ್ರವಾರಗಳಂದು ನಾವು ಬೆಟ್ಟದ ಕಣಿವೆಯ ಮಡುಗಳಿಗೆ ಹೋಗುವುದು ವಾಡಿಕೆ. ಅವರು ಗಾಳ ಹಾಕುತ್ತಾರೆ. ಮೀನು ತಿನ್ನದ ನಾನು ಬಂಡೆಯ ಮೇಲೆ ಕುಳಿತು ಸಿಕ್ಕಿದ್ದರ ಜಾತಿ ಯಾವುದೆಂದು ಕೇಳುತ್ತೇನೆ. ಗುರುತಿಸಿದ ಮೇಲೆ ಅದನ್ನು ನೀರಿಗೇ ಬಿಡುತ್ತೇವೆ. ಇಲ್ಲಿಯವು ಬೆರಳುದ್ದದ ಮೀನುಗಳು. ಬಂಡೆಗೆ ಅಂಟಿಕೊಳ್ಳುವ ಬಿಲ್ಲೆ ಗದ್ದದಡಿಯಲ್ಲಿ ಇದ್ದರೆ ಒಂದು ಜಾತಿ, ಇಲ್ಲದಿದ್ದರೆ ಇನ್ನೊಂದು. ಮೊದಲೆಲ್ಲ ಮೀನು ನೀರಿನಲ್ಲಿರುವಾಗಲೇ ಹೇಳಿಬಿಡುತ್ತಿದ್ದವರು ಈ ವರ್ಷ ಪ್ರತಿಯೊಂದರ ಗದ್ದವನ್ನೂ ಬೆರಳಿನಿಂದ ಸವರತೊಡಗಿದರು. ಕೊನೆಗೂ ಶಿಸ್ತು ಕಲಿತಿರೆಂದು ಮೆಚ್ಚಿದೆ.

“ಎಲ್ಲ ನಿಮ್ಮ ಕಾಟ ಮಾಷ್ಟ್ರೇ! ನಿಮ್ಮಲ್ಲಿ ಮೀನಿಗೂ ವ್ಯಾಕರಣ ಉಂಟಲ್ಲ,” ಎಂದು ನಕ್ಕರು.

ಊರಿಗೆ ಮರಳಿದ ಇಂಗ್ಲಿಷ್ ಎಂಜಿನಿಯರೊಬ್ಬರು ಬಿಟ್ಟುಹೋದ ಪುಸ್ತಕವೊಂದು ನಮ್ಮಲ್ಲಿದೆ. ಅದರಲ್ಲಿ ಅವರ ನಾಡಿನ ಬೆಟ್ಟದ ಹೊಳೆಗಳ ಮೀನುಗಳ ವರ್ಣಚಿತ್ರಗಳಿವೆ. ತಿಳಿ ಮೈಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಟ್ರೌಟ್. ಕಪ್ಪು ಮೈಯ ಮೇಲೆ ತಿಳಿ ಚುಕ್ಕೆಗಳಿದ್ದರೆ ಚಾರ್. ಈ ಲಕ್ಷಣ ಕ್ಯಾಸ್ಮಿರ್ ಅವರಿಗೆ ಕಂಠಪಾಠ. ಕಳೆದ ತಿಂಗಳು ಅನ್ನ ಬೇಯುವವರೆಗೆ ಹೊತ್ತು ಕಳೆಯಲೆಂದು ಚಾರ್ ಮೀನಿನ ಚಿತ್ರ ತೆರೆದು ಕೇಳಿದೆ. ಟ್ರೌಟ್ ಎಂದರು. ತಿದ್ದಿದೆ. ಇನ್ನೊಂದು ಕೇಳಿ ಎಂದರು. ಹಾಳೆ ತಿರುವಿದೆ, ಅದು ಖಾಲಿ ಪುಟ. ನಾನು ಬಾಯಿ ತೆರೆಯುವ ಮೊದಲೇ, “ಇದು ಟ್ರೌಟ್, ಈಗ ಸರಿಯಾಯ್ತಾ?” ಎಂದರು.

ನಾನು ಪುಸ್ತಕ ಮುಚ್ಚಿಟ್ಟೆ. ಗುಟ್ಟು ಬಯಲಾಯಿತೆಂದು ಅವರಿಗೆ ತಿಳಿಯಿತು.

“ಐಡಾಳಿಗೆ ಬರೀಬೇಡಿ ಮಾರಾಯ್ರೆ. ಒಬ್ಬಳೇ ಅಳ್ತಾ ಕೂತ್ಕೊಳ್ತಾಳೆ. ಹೋದ ಮೇಲೆ ನಾನೇ ಹೇಳ್ತೇನೆ.”

ಅವರ ಕಣ್ಣಿನ ನರ ಸೊರಗಿದೆ. ಹೋದ ದೃಷ್ಟಿ ಮರಳದು ಎಂದು ವೈದ್ಯರು ಹೇಳಿದ್ದಾರೆ. ರುಸೈಲ್‌ನ ಕಾರ್ಖಾನೆಯ ಉಗ್ರಾಣದಲ್ಲಿ ಪೆಟ್ಟಿಗೆಗಳ ಮೇಲಿನ ಬರಹ ಅವರಿಗೆ ಕಾಣದೆಂಬುದು ಅವರನ್ನು ಕೆಲಸಕ್ಕೆ ಕರೆಸಿಕೊಂಡ ಮಾಲೀಕ ಕಫೀಲರಿಗೂ ಗೊತ್ತಾಯಿತು. ಕೆಲಸ ಹೋಯಿತು. “ಖಲಾಸ್ ಮಾಷ್ಟ್ರೇ,” ಎಂದಷ್ಟೇ ಹೇಳಿ ಅಂದು ಊಟ ಮಾಡದೆ ಮಲಗಿದರು.

ಬರೆಯುವುದಿಲ್ಲವೆಂದು ಅವರಿಗೆ ಕೊಟ್ಟ ಮಾತನ್ನು ಮುರಿದು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ನೀವು ಕೈ ಬೀಸಿದರೂ ಅವರು ನಿಮ್ಮನ್ನು ದಾಟಿ ಹೋದಾರು. ಅದನ್ನು ಉಪೇಕ್ಷೆಯೆಂದು ತಿಳಿಯಬೇಡಿ. ಹತ್ತಿರ ಹೋಗಿ ಮಾತನಾಡಿಸಿರಿ. ನಿಮ್ಮ ದನಿ ಅವರಿಗೆ ಸಾಕು. ಅಲ್ಲಿಯವರೆಗೆ ಅವರ ಸಹೋದ್ಯೋಗಿ ಎಲಿಯಾಸ್ ಜೊತೆಗಿರುತ್ತಾರೆ. ಇದನ್ನು ನಾಳೆಯೇ ಊರಿಗೆ ಹೊರಡುವ ಪರಿಚಿತರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಕ್ಯಾಸ್ಮಿರ್ ಅವರಿಗಿಂತ ಮೊದಲು ಇದು ನಿಮ್ಮನ್ನು ತಲುಪೀತು.

ನಿಮ್ಮಿಬ್ಬರ ಹಿತವನ್ನು ಬಯಸುವ,
ದೊರೆಸ್ವಾಮಿ

ಮೇಲೆ ಬರೆಯದೆ ಉಳಿದದ್ದು: ನೀವು ಬಯಸಿದ ನೀಲಿ ಸೀರೆಯನ್ನು ತಾವೇ ಆರಿಸಬೇಕೆಂದು ಹಟ ಹಿಡಿದು, ಮತ್ರಾದ ಅಂಗಡಿಯಲ್ಲಿ ಸೆರಗುಗಳನ್ನು ಸವರಿ ಸವರಿ ಒಂದನ್ನು ತೆಗೆದುಕೊಂಡಿದ್ದಾರೆ. ಅದು ಹಸಿರು. ಯಾರ ತಪ್ಪನ್ನೂ ತಿದ್ದದೆ ಬಿಡದ ನಾನು ಸುಮ್ಮನಿದ್ದೆ. ನೀವೂ ಅದನ್ನು ನೀಲಿಯೆಂದೇ ಉಟ್ಟುಕೊಳ್ಳಿರಿ.