ಈ ಸಲ ಮನೆಯ ಅಮ್ಮ

ಅಡುಗೆಮನೆಯ ಮೇಜು,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯಲು ಮರೆಯಬೇಡ. ಈಗ ಕೇಳು, ಇದು ತಮಾಷೆಯಲ್ಲ. ಅಮ್ಮನಿಗೆ ಹುಷಾರಿಲ್ಲ. ಯೀಸ್ಟಿಗಲ್ಲ, ನಮ್ಮ ಅಮ್ಮನಿಗೆ. ಹೇಗಾದರೂ ಮಾಡಿ ಹೊರಟು ಬಾ.

ನೀನು ನಂಬದಿದ್ದರೆ ತಪ್ಪು ನಿನ್ನದಲ್ಲ. ನಮ್ಮ ಲ್ಯಾಬಿನಲ್ಲಿ ಯೀಸ್ಟಿಗೆ ಬೇರೆ ಜೀವಿಯ ಜೀನ್ ಸೇರಿಸಿ, ಸಕ್ಕರೆ ನೀರಿನಲ್ಲಿ ಹುದುಗಿಸಿ, ಕೆಂಪು ಬಣ್ಣದ ಆಂಟಿಆಕ್ಸಿಡೆಂಟ್ ತೆಗೆಯುತ್ತೇವಲ್ಲ, ಎಲ್ಲ ತೊಟ್ಟಿಗೂ ಹೆಪ್ಪು ಹೋಗುವ ಮೂಲ ಯೀಸ್ಟಿಗೆ ನಾವಿಟ್ಟ ಹೆಸರು ‘ಅಮ್ಮ’. ಆ ಮೈಗಳ್ಳಿ ಹೋದ ತಿಂಗಳು ಜೀನನ್ನು ಉದುರಿಸಿಕೊಂಡು ಬೆಳ್ಳಗಾಗತೊಡಗಿದಾಗ, ಜೊತೆಯವಳಿಗೆ ಕಳಿಸಬೇಕಿದ್ದ ‘ಅಮ್ಮ ಬಿಳಿಚಿಕೊಂಡಿದಾಳೆ, ಉಳಿಯೋದು ಅನುಮಾನ, ಬೇಗ ಬಾ’ ಎಂಬ ಮೆಸೇಜು ನಿನಗೆ ಬಂತು! ಪಾಪ, ನೀನು ಎದ್ದೆನೋ ಬಿದ್ದೆನೋ ಎಂದು ಹಡಗಿಳಿದು ಓಡಿ ಬಂದರೆ, ಅಮ್ಮ ಬಾಗಿಲಲ್ಲಿ ನಿಂತು, ‘ಅಯ್ಯೋ, ನಂಗೇನಾಗಿದೆ ಧಾಡಿ!’ ಎಂದು ನಕ್ಕಳು. ನೀನೂ ನಕ್ಕೆ. ನಿನ್ನ ಕ್ಯಾಪ್ಟನ್ ಮಾತ್ರ ನಗಲಿಲ್ಲ.

ಹಾಗಾಗಿ ಈ ಮಂಗಳವಾರ ನಾನು ಮತ್ತೆ ‘ಅಮ್ಮ ಬಿಳಿಚಿಕೊಂಡಿದಾಳೆ’ ಎಂದು ಕಳಿಸಿದರೆ, ನೀನು ‘ಇನ್ನೊಂದು ಚೂರು ಸಕ್ಕರೆ ಹಾಕು’ ಎಂದು ಉತ್ತರ ಕೊಟ್ಟೆ. ಅದನ್ನು ಓದಿ ಆಸ್ಪತ್ರೆಯ ವರಾಂಡದಲ್ಲೇ ಅತ್ತುಬಿಟ್ಟೆ. ಆಮೇಲೆ ಕಳಿಸಿದ್ದು ಒಂದೂ ನಿನಗೆ ತಲುಪಿಲ್ಲ, ಹಡಗು ಸಿಗ್ನಲ್ ಸಿಗುವ ಜಾಗ ದಾಟಿತ್ತು. ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಕೊಡಿಸುವುದಾಗಿ ಹಡಗಿನ ಏಜೆಂಟ್ ಹೇಳಿದ್ದಾರೆ, ಅದಕ್ಕೇ ಈ ಕಾಗದ.

ಮಂಗಳವಾರ ಅಮ್ಮ ಮೆಟ್ಟಿಲಿನ ಮೇಲೆ ಕುಸಿದು ಕೂತಿದ್ದಳು. ಹೊಟ್ಟೆಯೊಳಗೆ ಗಡ್ಡೆಯಿದೆಯಂತೆ, ಅದರಿಂದಲೇ ರಕ್ತ ಸೋರಿ ಹೋಗುತ್ತಿದೆಯಂತೆ. ಆಪರೇಷನ್ ತಡಮಾಡಬೇಡಿ ಎಂದಿದ್ದಾರೆ ಡಾಕ್ಟರು. ಇವಳೋ, ಹಟ ಹಿಡಿದು ಮನೆಗೆ ಬಂದು, ‘ನಿನ್ನ ಕೆಂಪು ನೀರೇ ಒಂದು ಲೋಟ ಕೊಡು, ಸರಿಹೋಗುತ್ತೆ’ ಎನ್ನುತ್ತಾಳೆ. ನಿನಗೆ ತಿಳಿಸುತ್ತೇನೆಂದರೆ, ‘ಪದೇ ಪದೇ ಕರೆದ್ರೆ ಅವರ ಕೆಲಸಕ್ಕೆ ಕಲ್ಲು ಬೀಳುತ್ತೆ, ಬಾಯಿ ಮುಚ್ಚಿಕೊಂಡಿರು’ ಎಂದು ಗದರುತ್ತಾಳೆ. ಲ್ಯಾಬಿನ ಅಮ್ಮ ಕೆಟ್ಟರೆ ಫ್ರೀಜರಿನಲ್ಲಿ ಅವಳದೇ ಹಳೆಯ ನಕಲು ಇರುತ್ತದೆ, ತೆಗೆದು ಬೆಳೆಸಿದೆವು, ತೊಟ್ಟಿ ಮತ್ತೆ ಕೆಂಪಗಾಯಿತು. ಮನೆಯಲ್ಲಿ ನನಗೆ ಕೈಕಾಲೇ ಆಡುತ್ತಿಲ್ಲ ಅಪ್ಪಾ. ಅವಳಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ.

ಕ್ಯಾಪ್ಟನ್ನರಿಗೆ ನನ್ನ ನಮಸ್ಕಾರ ಹೇಳು, ಬೇಕಾದರೆ ಈ ಕಾಗದವನ್ನೇ ತೋರಿಸು.

ನಿನ್ನ ಮಗಳು,
ಪುಟ್ಟಿ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ನೋಡಿಬಿಟ್ಟಳು. ಹರಿದು ಹಾಕುತ್ತಾಳೆ ಎಂದುಕೊಂಡೆ. ಪೂರ್ತಿ ಓದಿದಳು. ಆಮೇಲೆ ಕಾಗದ ನನ್ನ ಕೈಗೇ ಕೊಟ್ಟು, ‘ಬರೋಕೆ ಹೇಳು. ನಂಗೆ ಭಯ ಆಗ್ತಿದೆ’ ಎಂದಳು.